ಅಪ್ಪನ ದಾರಿ 27 ವರ್ಷ, ನನ್ನದು 27 ದಿನ

ನಮ್ಮ ಮನೆಯ ಗೇಟಿನಿಂದ ಹಿತ್ತಲಿನ ತುಳಸಿ ಕಟ್ಟೆಯವರೆಗೆ ಒಂದು ಇಟ್ಟಂಗಿ ದಾರಿ ಇದೆ. ಉದ್ದ 28 ಅಡಿ, ಅಗಲ 3 ಅಡಿ. 1994ರಲ್ಲಿ ಮನೆ ಕಟ್ಟಿಸಿದಾಗ ಉಳಿದ ಇಟ್ಟಂಗಿಯಲ್ಲಿ ಅಪ್ಪ ತಾನೇ ಕೂತು ಹಾಕಿದ್ದು. ಕಲಬುರಗಿಯಲ್ಲಿ ಅಂಗಳಕ್ಕೆ ಇಟ್ಟಂಗಿ ಹಾಸುವವರು ಕಮ್ಮಿ. ಫರ್ಸಿ ಅಂದರೆ ಹಾಸುಗಲ್ಲಿಗೆ ಹೆಸರಾದ ಶಹಾಬಾದ ಇಷ್ಟು ಹತ್ತಿರ ಇರುವಾಗ ಯಾಕೆ ಹಾಸಬೇಕು ಹೇಳಿ? ನೆಲಕ್ಕೆ ಫರ್ಸಿ, ಅಡುಗೆ ಕಟ್ಟೆಗೆ ಫರ್ಸಿ, ಹಳೇ ಮನೆಗಳ ಮಾಳಿಗೆಗೂ ಫರ್ಸಿ. ಅಪ್ಪ ಮಾತ್ರ ಇಟ್ಟಂಗಿ ಚೆಂದ ಕಾಣ್ತದ ಅಂದ, ಹಾಕಿದ. 27 ವರ್ಷ ಅದು ಒಂದು ತಕರಾರು ಮಾಡಲಿಲ್ಲ. ನಾನಂತೂ ಹಾಗೇ ಅಂದುಕೊಂಡಿದ್ದೆ. ನೌಕರಿಗೆ ಊರೂರು ತಿರುಗುತ್ತಿದ್ದವನು ನಾನು. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆಯೇ ವರ್ಗ ಮಾಡಿಸಿಕೊಂಡು ಮನೆಗೆ ಬಂದದ್ದು.

2022ರ ಮಳೆಗಾಲದಲ್ಲಿ ಇಟ್ಟಂಗಿಗಳು ಒಂದೊಂದಾಗಿ ತಲೆ ಎತ್ತಿದವು. ಮನೆ ಗೋಡೆಯ ಕಡೆಯ ಸಾಲು ಎದ್ದಿತು. ಆಚೆ ಬೇವಿನ ಮರದ ಕಡೆಯ ಸಾಲು ಕುಸಿಯಿತು. ನಡುವೆ ನಡೆದರೆ ಹರಿಗೋಲಿನಲ್ಲಿ ನಿಂತ ಹಾಗೆ ಮೈ ವಾಲುತ್ತಿತ್ತು. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ ನೋಡಿ. ಯಾವ ಇಟ್ಟಂಗಿ ಮೇಲೆ ಕಾಲಿಡಬಾರದು ಅಂತ ನಮ್ಮ ಕಾಲುಗಳೇ ಕಲಿತುಬಿಟ್ಟಿದ್ದವು. ಎರಡು ವರ್ಷ ಹೀಗೇ ಕಳೆಯಿತು. 2024ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವ್ವ ತಂಬಿಗೆ ಹಿಡಿದು ತುಳಸಿಗೆ ನೀರು ಹಾಕಲು ಹೋದವಳು ಎಡವಿ ಬಿದ್ದಳು. ಅವಳಿಗೆ 76. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಣಿಕಟ್ಟು ಊದಿತು, ತಂಬಿಗೆ ನಗ್ಗಿತು. ಅವಳಿಗೆ ತಂಬಿಗೆಯ ಚಿಂತೆಯೇ ಜಾಸ್ತಿ. ಅದು ತವರುಮನೆಯದು.

ಇಷ್ಟು ಸಣ್ಣ ಕೆಲಸಕ್ಕೆ ಗೌಂಡಿಗಳು ಬರುವುದಿಲ್ಲ. ಬಂದರೂ ಪೂರ್ತಿ ಕಿತ್ತು ಫರ್ಸಿ ಹಾಕಿಸಿ ಅನ್ನುತ್ತಾರೆ. ಅಪ್ಪ ಹಾಕಿದ್ದನ್ನು ನಾನು ಹಾಕಲಾರೆನೇ ಅಂತ ಮೇ ತಿಂಗಳಲ್ಲಿ ನಾನೇ ಕೈ ಹಚ್ಚಿದೆ.

ಮೇ ತಿಂಗಳು ಅಂದೆನಲ್ಲ, ಅದೇ ಮೊದಲನೇ ತಪ್ಪು. ಕಲಬುರಗಿಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಹೊರಗೆ ಕೂರಲು ಸಾಧ್ಯ. ಆಮೇಲೆ ಇಟ್ಟಂಗಿ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಎದ್ದಿದ್ದ, ಕುಸಿದಿದ್ದ ಅರವತ್ತು ಇಟ್ಟಂಗಿ ಕಿತ್ತೆ. ಕೆಳಗೆ ತೆಳುವಾಗಿ ಉಸುಕು, ಅದರ ಕೆಳಗೆ ಗೇಣು ದಪ್ಪ ಕೆಂಪು ಗರಸಿನಂಥದ್ದು ಇತ್ತು. ಮನೆ ಕಟ್ಟುವಾಗಿನ ಕಸ ಇರಬೇಕು ಅಂತ ಅದನ್ನೆಲ್ಲ ಕೆದಕಿ ಕಾಂಪೌಂಡಿನ ಮೂಲೆಗೆ ಎಸೆದೆ. ಆ ಜಾಗಕ್ಕೆ ಒಳ್ಳೆಯ ಉಸುಕು ತುಂಬಿದೆ. ಗೋಡೆಯ ಕಡೆ ಐದಾರು ಸಾಲಿಗೆ ಗಟ್ಟಿ ಇರಲಿ ಅಂತ ಸಿಮೆಂಟನ್ನೂ ಹಾಕಿದೆ. ಮೇ 20ಕ್ಕೆ ಕೆಲಸ ಮುಗಿಯಿತು. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅಕ್ಕ ಹೂವಿನ ಗುಚ್ಛ ಕಳಿಸಿದಳು, ಮೊಬೈಲಿನಲ್ಲಿ.

ಮಿರಗ ಮಳೆ ಆ ಸಲ ಚೆನ್ನಾಗಿ ಹಿಡಿಯಿತು. ಜೂನ್ 16ಕ್ಕೆ ಬಾಗಿಲು ತೆಗೆದು ನೋಡಿದರೆ ಸಿಮೆಂಟ್ ಹಾಕಿದ ಭಾಗ ಇಡೀ ಚಪ್ಪಡಿಯಾಗಿ ಮೇಲೆ ಎದ್ದಿದೆ. ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತದಲ್ಲ, ಹಾಗೆ. ನಟ್ಟನಡುವೆ ಒಂದು ಬಿರುಕು, ಬೆರಳು ಹೋಗುವಷ್ಟು. ಉಸುಕು ತುಂಬಿದ ಕಡೆ ಕಾಲಿಟ್ಟರೆ ಇಟ್ಟಂಗಿ ಪಚಕ್ ಅಂತ ಒಳಗೆ ಹೋಗಿ ಸಂದಿನಿಂದ ನೀರು ಚಿಮ್ಮುತ್ತಿತ್ತು.

ಅವ್ವ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದಳು. "ನಿಮ್ಮಪ್ಪ ಹಾಕಿದ್ದು ಇಪ್ಪತ್ತೇಳು ವರ್ಷ ನಿಂತಿತ್ತು ನೋಡಪ್ಪ. ನಿಂದು ಇಪ್ಪತ್ತೇಳು ದಿನ."

ಬೈಗುಳ ಅನ್ನಲಾಗದು, ಸುಮ್ನೆ ಹೇಳಿದ ಮಾತು. ಅದಕ್ಕೇ ಜಾಸ್ತಿ ಚುಚ್ಚಿತು.

ಮಳೆಗಾಲದಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮುಟ್ಟುವ ಹಾಗಿಲ್ಲ. ಸಲಿಕೆಗೆ ಅಂಟಿದ್ದು ಬಿಡಿಸಲು ಇನ್ನೊಂದು ಸಲಿಕೆ ಬೇಕು. ಹಾಗಾಗಿ ನಾಲ್ಕು ತಿಂಗಳು ಬರೀ ನೋಡುತ್ತ ಕೂತೆ. ಅದು ಒಳ್ಳೆಯದೇ ಆಯಿತು.

ಮೊದಲು ಆರೋಪ ಬಂದದ್ದು ಬೇವಿನ ಮರದ ಮೇಲೆ. ಪಕ್ಕದ ಮನೆಯವರು, ಹಾಲಿನವನು, ಗ್ಯಾಸ್ ಸಿಲಿಂಡರ್ ತಂದವನು, ಎಲ್ಲರದ್ದೂ ಒಂದೇ ತೀರ್ಪು. "ಬೇರು ಎತ್ತಲಕತ್ತದ್ರೀ, ಮರ ಕಡಸ್ರಿ." ಆದರೆ ಮರದ ಕಡೆ ದಾರಿ ಎದ್ದಿರಲಿಲ್ಲ, ಕುಸಿದಿತ್ತು. ಬೇರು ಎತ್ತುತ್ತದೆ ಅಂದರೆ ಕುಸಿಯುವುದು ಯಾಕೆ? ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮರ ಬಚಾವಾಯಿತು.

ನಮ್ಮ ಮಾವನವರದು ಆಳಂದ ಕಡೆ ಹೊಲ. ತೊಗರಿ ಹೊಲ, ಅಪ್ಪಟ ಎರೆ. ಶ್ರಾವಣದಲ್ಲಿ ಮನೆಗೆ ಬಂದವರು ನನ್ನ ದಾರಿ ನೋಡಿ ನಕ್ಕರು. "ಅಳಿಯಂದ್ರ, ನಮ್ಮ ಹೊಲದಾಗ ಬ್ಯಾಸಿಗಿ ದಿನ ಎರಿ ಬಾಯಿ ಬಿಡ್ತದ. ಬಿರುಕಿನಾಗ ಕುಡಗೋಲು ಬಿದ್ರ ಸಿಗಂಗಿಲ್ಲ. ಮಳಿ ಬಿದ್ದ ಮ್ಯಾಲ ಅದೇ ಬಾಯಿ ತಾನೇ ಮುಚ್ಚತದ. ಹಂತಾ ಮಣ್ಣಿನ ಮ್ಯಾಲ ನೀವು ಸಿಮೆಂಟ್ ಹಚ್ಚೀರಲ್ಲ!"

ಗೊತ್ತಿಲ್ಲದ ಮಾತೇನಲ್ಲ. ಎರೆ ಹೊಲದ ಬಿರುಕನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಆದರೆ ನಮ್ಮ ಅಂಗಳವೂ ಒಂದು ಕಾಲದಲ್ಲಿ ಯಾರದೋ ಹೊಲವೇ ಆಗಿತ್ತು ಅಂತ ಹೊಳೆದಿರಲಿಲ್ಲ.

ಅಪ್ಪನ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್‌ಗೆ ಒಬ್ಬರು ಸಿಗುತ್ತಾರೆ, ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. (ಅಪ್ಪನ ಕೆರೆ ಅಂದರೆ ನಮ್ಮಪ್ಪನದಲ್ಲ, ಶರಣಬಸವೇಶ್ವರ ಕೆರೆ. ಊರ ಹೊರಗಿನವರಿಗೆ ಹೇಳಿದೆ ಅಷ್ಟೆ.) ಅವರ ಮುಂದೆ ವಿಷಯ ತೆಗೆದೆ. ಅವರಿಗೆ ಹಬ್ಬವೇ ಆಯಿತು. ಎರಡು ಸುತ್ತು ಮುಗಿಯುವವರೆಗೂ ಎರೆ ಮಣ್ಣಿನದೇ ಮಾತು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅಂತ ಒಂದು ಜಾತಿಯ ಜೇಡಿ ಇರುತ್ತದಂತೆ. ಅದು ಪದರು ಪದರಾಗಿ ಇರುತ್ತದೆ, ಪುಸ್ತಕದ ಹಾಳೆಗಳ ಹಾಗೆ. ನೀರು ಹಾಳೆಗಳ ನಡುವೆ ಹೊಕ್ಕರೆ ಪುಸ್ತಕ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕಾಲುವೆಗೆ ಹಾಕಿದ ಕಾಂಕ್ರೀಟ್ ಚಪ್ಪಡಿಗಳನ್ನೇ ಅದು ಎತ್ತಿ ಒಗೆಯುತ್ತದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಇದಕ್ಕೆ ಒಂದು ದಾರಿ ಕಂಡುಹಿಡಿದರು. ಉಬ್ಬದ, ಆದರೆ ಸ್ವಲ್ಪ ಅಂಟು ಇರುವ ಮುರುಮ್‌ನಂಥ ಮಣ್ಣನ್ನು ಎರೆಯ ಮೇಲೆ ಸುಮಾರು ಒಂದು ಮೀಟರ್ ದಪ್ಪ ಹಾಕಿ ಬಡಿದು ಕೂರಿಸುವುದು. ನಮ್ಮ ಮಲಪ್ರಭಾ ಕಾಲುವೆಯಲ್ಲಿ ಹಾಗೆ ಮಾಡಿದ್ದಾರೆ.

"ಸರ್, ನನ್ನ ದಾರಿಗೆ ಒಂದು ಮೀಟರ್ ಅಗೀಬೇಕಾ?" ಅಂದೆ.

"ಬ್ಯಾಡ್ರಿ, ಬಾವಿ ತೋಡ್ಲಕತ್ತೀರೇನು? ಒಂದು ಅಡಿ ಸಾಕು. ಎದ್ದೇಳೋದು ಪೂರಾ ನಿಲ್ಲಂಗಿಲ್ಲ, ಕಮ್ಮಿ ಆಗ್ತದ. ಆದ್ರ ಮೊದಲು ನೀರು ಎಲ್ಲಿಂದ ಬರ್ತದ ನೋಡ್ರಿ. ಉಸುಕು ತುಂಬಿದೆ ಅಂದ್ರಲ್ಲ, ಎರಿಯೊಳಗ ಉಸುಕು ತುಂಬೋದು ಅಂದ್ರ ಬೋಗುಣಿಗೆ ಉಸುಕು ಹಾಕಿದಂಗ. ನೀರು ಒಳಗ ಹೊಕ್ಕೊಂಡು ಅಲ್ಲೇ ಕುಂದರತದ."

ಆಗ ನನಗೆ ಕಾಂಪೌಂಡಿನ ಮೂಲೆ ನೆನಪಾಯಿತು. ಕಸ ಅಂತ ಎಸೆದಿದ್ದೆನಲ್ಲ ಆ ಕೆಂಪು ಗರಸು? ಅದು ಕಸವಲ್ಲ, ಮುರುಮ್. ಯಾವ ಪ್ರೊಫೆಸರನ್ನೂ ಕೇಳದೆ ಅಪ್ಪ ಗೇಣು ದಪ್ಪ ಮುರುಮ್ ಹಾಕಿ ಅದರ ಮೇಲೆ ದಾರಿ ಮಾಡಿದ್ದ. ನಾನು ಅದನ್ನು ತೆಗೆದು ಬೋಗುಣಿ ಮಾಡಿದ್ದೆ.

ನೀರಿನ ಮೂಲ ಹುಡುಕಲು ಹುಬ್ಬಿ ಮಳೆಯ ಒಂದು ಸಂಜೆ ಕೊಡೆ ಹಿಡಿದು ಅಂಗಳದಲ್ಲಿ ನಿಂತೆ. ಹತ್ತು ನಿಮಿಷ ಸಾಕಾಯಿತು. 2021ರಲ್ಲಿ ಮೇಲಿನ ಮಹಡಿ ಕಟ್ಟಿಸಿದ್ದೆ. ಹಳೇ ಮಾಳಿಗೆಯ ನೀರು ಹಿಂದಿನ ಓಣಿಯ ಕಡೆ ಬೀಳುತ್ತಿತ್ತು. ಹೊಸ ಮಾಳಿಗೆಯ ಪೈಪನ್ನು ಪ್ಲಂಬರ್ ಈ ಕಡೆ ಇಳಿಸಿದ್ದ. ಪೈಪಿನ ಬಾಯಿ ನೆಲದಿಂದ ಅರ್ಧ ಅಡಿ ಮೇಲೆ, ದಾರಿಯಿಂದ ಗೇಣು ದೂರ. ಮಾಳಿಗೆ 600 ಚದರ ಅಡಿ. ಒಂದು ಇಂಚು ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು. ಅಷ್ಟೂ ಅದೊಂದೇ ಜಾಗಕ್ಕೆ ಧೋ ಅಂತ ಸುರಿಯುತ್ತಿತ್ತು. ಪ್ಲಂಬರನ್ನು ಬೈಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಆ ಕಡೆ ಇಳಿಸು, ಪೈಪು ಕಡಿಮೆ ಹಿಡಿಯುತ್ತದೆ ಅಂತ ಹೇಳಿದವನು ನಾನೇ.

ಬೇವಿನ ಗುಟ್ಟನ್ನೂ ಇಂಜಿನಿಯರ್ ಸಾಹೇಬರೇ ಬಿಡಿಸಿದರು. ಮರ ಬೇಸಿಗೆಯಲ್ಲಿ ಸುತ್ತಲಿನ ಎರೆಯಿಂದ ನೀರು ಹೀರುತ್ತದೆ. ಒಣಗಿದ ಎರೆ ಕುಗ್ಗುತ್ತದೆ. ಅದಕ್ಕೇ ಆ ಕಡೆ ಕುಸಿದದ್ದು. ಒಂದು ಮಗ್ಗುಲಿಗೆ ಕುಡಿದು ಕುಡಿದು ಉಬ್ಬಿದ ಮಣ್ಣು, ಇನ್ನೊಂದು ಮಗ್ಗುಲಿಗೆ ನೀರಿಲ್ಲದೆ ಕುಗ್ಗಿದ ಮಣ್ಣು. ನಡುವೆ ಮೂರು ಅಡಿ ದಾರಿ. ಹರಿಗೋಲು ಆಗದೆ ಇನ್ನೇನಾದೀತು?

ದೀಪಾವಳಿ ಮುಗಿದ ಮೇಲೆ ನವೆಂಬರಿನಲ್ಲಿ ಮತ್ತೆ ಶುರು ಮಾಡಿದೆ. ಎರೆ ಆಗ ಹದದಲ್ಲಿ ಇರುತ್ತದೆ. ಕಲ್ಲೂ ಅಲ್ಲ, ಅಂಟೂ ಅಲ್ಲ. ಸಲಿಕೆಗೆ ಹಲ್ವಾ ಹಾಗೆ ಬರುತ್ತದೆ. ಪೂರ್ತಿ ಉಬ್ಬಿರುವುದೂ ಇಲ್ಲ, ಪೂರ್ತಿ ಕುಗ್ಗಿರುವುದೂ ಇಲ್ಲ. ಆಗ ಮಟ್ಟ ಮಾಡಿದರೆ ಆಮೇಲೆ ಏರಿದರೂ ಇಳಿದರೂ ಸ್ವಲ್ಪವೇ.

ಈ ಸಲ ಒಂದು ಕಡೆಯಿಂದ ಎಲ್ಲ ಕೀಳುವುದು ಅಂತ ತೀರ್ಮಾನ. ಇಟ್ಟಂಗಿ ಹಾಸಿನಲ್ಲಿ ಮೊದಲನೆಯದನ್ನು ಕೀಳುವುದೇ ಕಷ್ಟ. ಸುತ್ತ ಹಿಡಿತ ಇರುತ್ತದೆ, ಬೆರಳು ಹೋಗುವುದಿಲ್ಲ. ಹಾರೆ ಹಾಕಿದರೆ ಅಂಚು ಒಡೆಯುತ್ತದೆ. ಸ್ಕ್ರೂ ಡ್ರೈವರ್‌ನಿಂದ ಒದ್ದಾಡಿ ಎರಡರ ಮೂಲೆ ಮುರಿದೆ. ಆಮೇಲೆ ಅಪ್ಪನ ಹಳೇ ತಗಡಿನ ಪೆಟ್ಟಿಗೆ ತಡಕಾಡಿದಾಗ ಒಂದು ವಿಚಿತ್ರ ಸಾಮಾನು ಸಿಕ್ಕಿತು. ಗೇಣುದ್ದದ ಕಬ್ಬಿಣದ ಪಟ್ಟಿ. ತುದಿ ತೆಳುವಾಗಿ, ಸ್ವಲ್ಪ ಬಾಗಿತ್ತು. ಹಿಡಿಗೆ ಹಳೇ ಧೋತರದ ಚೂರು ಸುತ್ತಿತ್ತು. ಯಾತಕ್ಕೋ ಏನೋ ಗೊತ್ತಾಗಲಿಲ್ಲ. ಸಂದಿಗೆ ಇಳಿಸಿ ಮೀಟಿದೆ. ಹಲಸಿನ ತೊಳೆಯ ಹಾಗೆ ಇಟ್ಟಂಗಿ ಎದ್ದು ಬಂತು. ಒಂದು ಬಂದ ಮೇಲೆ ಉಳಿದವು ಕೈಯಲ್ಲೇ ಬರುತ್ತವೆ.

ಒಂದು ಅಡಿ ಆಳ ಅಗೆಯಲು ಇಬ್ಬರು ಹುಡುಗರನ್ನು ಕರೆದೆ. 84 ಘನ ಅಡಿ ಮಣ್ಣು. ಸಡಿಲ ಮಾಡಿದ ಮೇಲೆ ಅದು ಒಂದು ಬ್ರಾಸಿಗಿಂತ (ನೂರು ಘನ ಅಡಿ) ಜಾಸ್ತಿ ಆಯಿತು. ನೆಲದೊಳಗೆ ಇದ್ದಾಗ ಸುಮ್ಮನಿದ್ದ ಮಣ್ಣು ಹೊರಗೆ ಬಂದರೆ ಎಷ್ಟು ಜಾಗ ಬೇಡುತ್ತದೆ ಅಂತ ಅಗೆದವರಿಗೇ ಗೊತ್ತು. ಎರಡು ದಿನ ನಮ್ಮ ಸ್ಕೂಟರ್ ಒಳಗೆ ಬರಲಿಲ್ಲ. ಅಗೆಯುವಾಗ ತುಳಸಿ ಕಟ್ಟೆಯ ಹತ್ತಿರ ಹೆಗ್ಗಣದ ಬಿಲವೂ ಸಿಕ್ಕಿತು. ತೊಡೆಯಷ್ಟು ದಪ್ಪ ಸುರಂಗ, ದಾರಿಗೆ ಅಡ್ಡಡ್ಡ. ಅವ್ವ ಬಿದ್ದ ಜಾಗ ಸರಿಯಾಗಿ ಅದರ ಮೇಲೆ. ಒಡೆದ ಇಟ್ಟಂಗಿ, ಕಲ್ಲು ಜಡಿದು ಮುಚ್ಚಿಸಿದೆ. ಬೇವಿನ ಬೇರು ಒಂದೇ ಒಂದು ಅಡ್ಡ ಬಂದಿತ್ತು, ಮುಂಗೈ ದಪ್ಪ. ಅದರ ಮೇಲಿನ ದಾರಿ ಎಲ್ಲಕ್ಕಿಂತ ಮಟ್ಟವಾಗಿತ್ತು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಅವರು ಒಪ್ಪಲಿಲ್ಲ.

ಇನ್ನು ಇಟ್ಟಂಗಿ ಲೆಕ್ಕ. ನಮ್ಮವು 9 ಇಂಚು ಉದ್ದ, 4 ಇಂಚು ಅಗಲ, 3 ಇಂಚು ದಪ್ಪ. ಅಪ್ಪ ಮಲಗಿಸಿ ಹಾಕಿದ್ದ. ಚದರ ಅಡಿಗೆ ನಾಲ್ಕು, ಒಟ್ಟು 336. ಒಂದೊಂದನ್ನೂ ತೊಳೆದು, ತಂತಿ ಬ್ರಷ್ ಹಚ್ಚಿ, ಒಂದಕ್ಕೊಂದು ಬಡಿದು ನೋಡಿದೆ. ಟಣ್ ಅಂದರೆ ಒಳ್ಳೆಯದು, ದಬ್ ಅಂದರೆ ಒಳಗೆ ಬಿರುಕು. 71 ಹೋದವು. 265 ಉಳಿದವು. ಉಳಿದವುಗಳ ಮೇಲ್ಮೈಯೂ ಸವೆದು ಉರುಟಾಗಿತ್ತು. ತಿರುಗಿಸಿ ಹಾಕೋಣ ಅಂದರೆ ಅಡಿಗಡೆ ಭಟ್ಟಿಯ ಅಕ್ಷರದ ಗುಂಡಿ, ಅದರಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಮಗ್ಗುಲಾಗಿ ನಿಲ್ಲಿಸುವುದು ಅಂತಾಯಿತು. ಮೂವತ್ತು ವರ್ಷ ಬಿಸಿಲು ಕಾಣದ ಮಗ್ಗುಲು ನಿನ್ನೆ ಸುಟ್ಟ ಹಾಗೆ ಕೆಂಪಗೆ ಇತ್ತು. ನಿಲ್ಲಿಸಿದರೆ ದಪ್ಪ 4 ಇಂಚು ಸಿಗುತ್ತದೆ, ಗಟ್ಟಿಯೂ ಜಾಸ್ತಿ. ಆದರೆ ಸಂಖ್ಯೆಯೂ ಜಾಸ್ತಿ ಬೇಕು, 448. ಇನ್ನೊಂದು ಖುಷಿಯ ವಿಷಯ ನೋಡಿ. ಮೂರು ಇಟ್ಟಂಗಿ ನಿಲ್ಲಿಸಿದರೆ 9 ಇಂಚಿನ ಚೌಕ. ಒಂದು ಚೌಕ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ. ಚಾಪೆ ಹೆಣೆದ ಹಾಗೆ ಆಗುತ್ತದೆ. ಅಗಲಕ್ಕೆ ನಾಲ್ಕು ಚೌಕ, ಮೂರು ಅಡಿ. ಕಾಗದದ ಮೇಲೆ ಎಷ್ಟು ಸರಾಗ!

ಹೊಸ ಇಟ್ಟಂಗಿ ಇನ್ನೂರು ಬೇಕಿತ್ತು. ಊರೊಳಗೆ ಕೇಳಿದರೆ ಎಲ್ಲೆಲ್ಲೂ ಸಿಮೆಂಟ್ ಬ್ಲಾಕ್. ಊರ ಹೊರಗೆ ಎರಡು ಭಟ್ಟಿಗೆ ಹೋಗಿ ಒಂದೊಂದು ಇಟ್ಟಂಗಿ ಕೇಳಿ ತಂದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಇಡೀ ದಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದೆ. ಒಳ್ಳೆಯ ಇಟ್ಟಂಗಿ ತನ್ನ ತೂಕದ ನೂರಕ್ಕೆ 20ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಮೊದಲನೇ ಭಟ್ಟಿಯದು 2 ಕಿಲೋ 700 ಗ್ರಾಂ ಇದ್ದದ್ದು 3 ಕಿಲೋ 400 ಆಯಿತು. ಕುಡುಕ, ಬೇಡ. ಎರಡನೇದು 2 ಕಿಲೋ 900 ಇದ್ದದ್ದು ಸರಿಯಾಗಿ ಅರ್ಧ ಕಿಲೋ ಏರಿತು. ಅದನ್ನೇ ತಂದೆ. ನನ್ನ ಹೆಂಡತಿ ಹೊಸ ತಕ್ಕಡಿ ತರಿಸಿಕೊಂಡಳು, ಇಟ್ಟಂಗಿ ತೂಗಿದ್ದರಲ್ಲಿ ಬೇಳೆ ತೂಗಲ್ಲ ಅಂತ. ಹೊಸದು, ಹಳೇದು ಒಂದೊಂದು ಕಡೆ ಹಾಕದೆ ಎರಡೂ ಬೆರೆಸಿ ಗುಡ್ಡೆ ಮಾಡಿದೆ. ಇಲ್ಲದಿದ್ದರೆ ಹರಿದ ಅಂಗಿಗೆ ತೇಪೆ ಹಚ್ಚಿದ ಹಾಗೆ ಕಾಣುತ್ತದೆ.

ಈ ಹೊತ್ತಿಗೆ ಒಬ್ಬ ಗೌಂಡಿ ಚಾಚಾ ಸಿಕ್ಕರು. ವಯಸ್ಸಾಗಿದೆ, ದೊಡ್ಡ ಕೆಲಸಕ್ಕೆ ಹೋಗುವುದಿಲ್ಲ, ಸಣ್ಣದಕ್ಕೆ ಬರುತ್ತಾರೆ. ಬಂದವರೇ ಸಿಮೆಂಟ್ ಎಲ್ಲಿ ಅಂದರು. ಹಾಕಲ್ಲ ಅಂದೆ.

"ನಕ್ಕೋ ಸಾಬ್, ಬ್ಯಾಡ. ಸಿಮೆಂಟ್ ಇಲ್ಲಂದ್ರ ನಾಳಿ ನನ್ನ ಹೆಸರು ಕೆಡ್ತದ."

ಹಿತ್ತಲಿಗೆ ಕರೆದುಕೊಂಡು ಹೋಗಿ ಹೋದ ಸಲದ ಸಿಮೆಂಟ್ ಚಪ್ಪಡಿ ತೋರಿಸಿದೆ. ಕಾಲಿನಿಂದ ಮಗುಚಿ ಹಾಕಿ, ಬಿರುಕಿನಲ್ಲಿ ಬೆರಳು ಆಡಿಸಿ ನೋಡಿದರು. "ಯಾವ ಗೌಂಡಿ ಮಾಡಿದ್ದು?" ಅಂದರು. ನಾನೇ ಅಂದೆ. ಆಮೇಲೆ ಸಿಮೆಂಟಿನ ಮಾತು ಬರಲಿಲ್ಲ. ನನ್ನ ಮೇಲಿನ ನಂಬಿಕೆಯೂ ಅಷ್ಟಕ್ಕಷ್ಟೇ ಆಯಿತು ಅನ್ನಿ.

ಮುಕ್ಕಾಲು ಬ್ರಾಸ್ ಮುರುಮ್ ಬಂತು. ಅಪ್ಪನ ಕಾಲದ್ದು ಮೂಲೆಯಲ್ಲಿ ಬಿದ್ದಿತ್ತಲ್ಲ, ಅದನ್ನೂ ಸೇರಿಸಿದೆ. ಮೂರು ಮೂರುವರೆ ಇಂಚಿನ ಎರಡು ಪದರು. ಪ್ರತಿ ಪದರಿಗೂ ಸ್ವಲ್ಪ ನೀರು ಚಿಮುಕಿಸಿ ದಮ್ಮಸು ಹಾಕಿದೆವು. ನೀರು ಎಷ್ಟು ಅಂದರೆ ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಕೈ ಒದ್ದೆ ಆಗಬಾರದು. ದಮ್ಮಸಿನ ಸದ್ದು ಮೊದಲು ದಪ್ ದಪ್ ಅಂತಿರುತ್ತದೆ, ಕೂತ ಮೇಲೆ ಠಕ್ ಠಕ್ ಅನ್ನುತ್ತದೆ. ಚಾಚಾ ಬೀಡಿ ಸೇದುತ್ತ ಕಣ್ಣು ಮುಚ್ಚಿಕೊಂಡೇ "ಇನ್ನೂ ಆಗಿಲ್ಲ, ಆ ಮೂಲಿ" ಅನ್ನುತ್ತಿದ್ದರು. ಹೊಡೆಯುತ್ತಿದ್ದವನು ನಾನು.

ಅಂಚಿಗೆ ಫರ್ಸಿ. ಇಟ್ಟಂಗಿ ದಾರಿ ಸಡಿಲ ಆಗುವುದು ಅಂಚಿನಿಂದಲೇ. ಕಲ್ಲಿನ ಅಡ್ಡೆಯಲ್ಲಿ ಕೊಯ್ದು ಉಳಿದ ಪಟ್ಟಿಗಳು ಸಸ್ತಾ ಸಿಗುತ್ತವೆ. ಅವನ್ನು ನಿಲ್ಲಿಸಿ, ಹಿಂದೆ ಮಾತ್ರ ಸ್ವಲ್ಪ ಕಾಂಕ್ರೀಟ್ ಒತ್ತುಕೊಟ್ಟರೆ ಆಯಿತು. ಚಾಚಾ ಬರದ ದಿನ ನಾನೇ ದಾರ ಕಟ್ಟಿ, ಟೇಪ್ ಹಿಡಿದು, ಎರಡೂ ಅಂಚಿನ ನಡುವೆ ಸರಿಯಾಗಿ 36 ಇಂಚು ಬಿಟ್ಟು ಕೂರಿಸಿಬಿಟ್ಟೆ. ಮರುದಿನ ಚಾಚಾ ನಾಲ್ಕು ಚೌಕ ಇಡಲು ಹೋದರು. ಮೂರು ಕೂತವು. ನಾಲ್ಕನೆಯದರ ಕೊನೇ ಇಟ್ಟಂಗಿ ಒಳಗೆ ಇಳಿಯಲೇ ಇಲ್ಲ. ಕೈಯಲ್ಲಿ ಬಡಿದು ಮಾಡಿದ ಇಟ್ಟಂಗಿ, ಎಲ್ಲವೂ 9 ಇಂಚು ಎಲ್ಲಿ ಇರುತ್ತವೆ? ಒಂದು ಎರಡು ನೂಲು (ಕಾಲು ಇಂಚು) ಹೆಚ್ಚು, ಇನ್ನೊಂದು ಕಮ್ಮಿ. ಮೇಲೆ ಸಂದಿಯ ಉಸುಕಿಗೂ ಜಾಗ ಬೇಕು.

"ಮೊದಲು ಒಂದು ಸಾಲು ಸುಮ್ಮ ಒಣ ಇಟ್ಟು ನೋಡಬೇಕು ಸಾಬ್. ಟೇಪ್ ಸುಳ್ಳು ಹೇಳ್ತದ, ಇಟ್ಟಂಗಿ ಹೇಳಂಗಿಲ್ಲ."

ಬೇವಿನ ಕಡೆಯ 28 ಅಡಿ ಅಂಚು ಪೂರಾ ಕಿತ್ತು ಒಂದು ಇಂಚು ಸರಿಸಿದೆವು. ಒಂದು ದಿನದ ಕೂಲಿ ಹೋಯಿತು. ನನ್ನ ಮರ್ಯಾದೆ ಮೊದಲೇ ಹೋಗಿತ್ತು.

ಮಟ್ಟ ನೋಡಲು ನೀರಿನ ಪೈಪು. ಪಾರದರ್ಶಕ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಇದಕ್ಕಿಂತ ನಂಬಿಗಸ್ತ ಯಂತ್ರ ಇಲ್ಲ, ನಡುವೆ ಗಾಳಿ ಗುಳ್ಳೆ ಇಲ್ಲದಿದ್ದರೆ. ನನ್ನ ತುದಿಯಲ್ಲಿ ಒಂದು ತೋರಿಸಿದರೆ ಚಾಚಾ ತುದಿಯಲ್ಲಿ ಇನ್ನೊಂದು. ಅರ್ಧ ಗಂಟೆ ಜಗಳವಾಡಿದ ಮೇಲೆ ನೋಡಿದರೆ ಪೈಪಿನ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕೂತಿತ್ತು. ಗೋಡೆಯಿಂದ ಬೇವಿನ ಕಡೆಗೆ ಮುಕ್ಕಾಲು ಇಂಚು ಇಳಿಜಾರು ಕೊಟ್ಟೆವು. ನೀರು ಗೋಡೆಯಿಂದ ದೂರ ಹೋಗಬೇಕು, ಬಾಯಾರಿದ ಬೇವಿಗೆ ಸಿಗಬೇಕು.

ಮುರುಮ್ ಮೇಲೆ ಒಂದೇ ಇಂಚು ಉಸುಕು. ಹೋದ ಸಲ ಗೇಣು ದಪ್ಪ ಹಾಕಿದ್ದೆ. ಸಾಣಿಗೆಯಲ್ಲಿ ಹಿಡಿದ ದಪ್ಪ ಉಸುಕು, ಗಿಲಾಯಿಗೆ, ಅಂದರೆ ಗೋಡೆಯ ಪ್ಲಾಸ್ಟರಿಗೆ, ಹಾಕುವ ಸಣ್ಣದಲ್ಲ. ಒಂದು ಇಂಚಿನ ಎರಡು ಕಬ್ಬಿಣದ ಪೈಪು ಹಳಿಗಳ ಹಾಗೆ ಮಲಗಿಸಿ, ಅವುಗಳ ಮೇಲೆ ನೆಟ್ಟಗಿನ ಹಲಗೆ ಎಳೆದರೆ ಉಸುಕು ಮೊಸರು ಹೆಪ್ಪುಗಟ್ಟಿದ ಹಾಗೆ ಸಪಾಟಾಗುತ್ತದೆ. ಆಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು. ಓಣಿಯ ಬೆಕ್ಕಿಗೆ ಇದು ಗೊತ್ತಿರಲಿಲ್ಲ. ಅದಕ್ಕೆ ಅಷ್ಟು ಚೆಂದದ ಜಾಗ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ಎರಡು ಸಲ ಬಂದು ಹೋಯಿತು.

ಇಟ್ಟಂಗಿ ಕೂರಿಸುವ ಕೆಲಸ ಮೂರು ದಿನ. ಬರೆಯಲು ಅದರಲ್ಲಿ ಹೆಚ್ಚೇನಿಲ್ಲ. ಹಾಕಿದ್ದರ ಮೇಲೇ ಕೂತು ಮುಂದಿನದು ಇಡುವುದು, ರಬ್ಬರ್ ಸುತ್ತಿಗೆಯಿಂದ ಎರಡು ಏಟು, ಮಟ್ಟ ನೋಡುವುದು. ಒಳ್ಳೆಯ ಕೆಲಸ ಅಂದರೆ ಇಷ್ಟು ಬೇಜಾರಿನದು. ಕೊನೆಗೆ ಒಣ ಸಣ್ಣ ಉಸುಕು ಚೆಲ್ಲಿ ಕಸಬರಿಗೆಯಿಂದ ಸಂದಿಗೆ ತಳ್ಳಿದೆವು. ಆ ಕೆಲಸ ಅವ್ವ ತಾನೇ ಮಾಡುತ್ತೇನೆ ಅಂದಳು. ಕುರ್ಚಿ ಹಾಕಿಕೊಂಡು ಕೂತು, ಕುರ್ಚಿ ಸರಿಸಿಕೊಂಡು ಸರಿಸಿಕೊಂಡು 28 ಅಡಿ ಗುಡಿಸಿದಳು. ಒಂದು ವಾರದಲ್ಲಿ ಉಸುಕು ಇಳಿಯುತ್ತದೆ, ಮತ್ತೊಮ್ಮೆ ಚೆಲ್ಲಬೇಕು. ಎಳ್ಳಮಾವಾಸ್ಯೆಗೆ ಮಾವನವರ ಹೊಲಕ್ಕೆ ಭಜ್ಜಿ ರೊಟ್ಟಿ ಉಣ್ಣಲು ಹೊರಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹದಿನೈದು ಇಟ್ಟಂಗಿ ಉಳಿದವು. ನೀರಿನ ಟಾಕಿಯ ಕೆಳಗೆ ಜೋಡಿಸಿಟ್ಟಿದ್ದೇನೆ.

ಮಾಳಿಗೆಯ ಪೈಪಿನ ವಿಷಯದಲ್ಲಿ ಮನೆಯಲ್ಲಿ ಚರ್ಚೆ ನಡೆಯಿತು. ಇಂಗುಗುಂಡಿ ತೋಡೋಣ ಅಂದೆ. ಎರೆ ಬೇಗ ನೀರು ಇಂಗಿಸಿಕೊಳ್ಳುವುದಿಲ್ಲ, ಗುಂಡಿ ತುಂಬಿ ಮತ್ತೆ ಉಬ್ಬುತ್ತದೆ ಅಂದರು ಇಂಜಿನಿಯರ್ ಸಾಹೇಬರು. ಗಟಾರಕ್ಕೆ ಬಿಡೋಣ ಅಂದೆ. "ಬ್ಯಾಸಿಗ್ಯಾಗ ಟ್ಯಾಂಕರಿಗೆ ರೊಕ್ಕ ಕೊಡ್ತೀರಿ, ಮಳಿನೀರು ಗಟಾರಕ್ಕ ಬಿಡ್ತೀರಿ. ಭಾಳ ಶಾಣ್ಯಾ ಇದ್ದೀರಿ" ಅಂದಳು ಹೆಂಡತಿ. ಈಗ ನಾಲ್ಕು ಇಂಚಿನ ಪೈಪು ಗೋಡೆಗುಂಟ ಹೋಗಿ, ಕಲ್ಲು ಉಸುಕಿನ ಡ್ರಮ್ಮು ದಾಟಿ ನೀರಿನ ಸಂಪ್‌ಗೆ ಬೀಳುತ್ತದೆ. ತುಂಬಿ ಉಕ್ಕಿದ್ದು ಮಾತ್ರ ಗಟಾರಕ್ಕೆ.

ಮರುವರ್ಷ ಉತ್ತರಿ ಮಳೆ ಹೊಡೆದ ಹೊಡೆತಕ್ಕೆ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ದಾರಿ ನೋಡಿಬಂದೆ. ನೀರು ಬೇವಿನ ಕಡೆ ಹರಿದು ಹೋಗುತ್ತಿತ್ತು. ಪಚಕ್ ಅನ್ನಲಿಲ್ಲ. ಮಳೆ ಹೋದ ಮೇಲೆ ಹಗಲಲ್ಲಿ ದಾರ ಹಿಡಿದು ನೋಡಿದರೆ ಗೇಟಿನ ಹತ್ತಿರ ಮೂರು ಚೌಕ ಅರ್ಧ ಬೆರಳು ಎದ್ದಿವೆ. ಸಿಟ್ಟು ಬಂತು. ಇಷ್ಟೆಲ್ಲ ಮಾಡಿಯೂ ಎದ್ದವಲ್ಲ!

ದೀಪಾವಳಿ ಆದ ಮೇಲೆ ಒಂದು ಭಾನುವಾರ ಆ ಕಬ್ಬಿಣದ ಪಟ್ಟಿ ತಗೊಂಡು ಕೂತೆ. ಒಂಬತ್ತು ಇಟ್ಟಂಗಿ ಮೀಟಿ ತೆಗೆದು, ಕೆಳಗಿನ ಉಸುಕು ನಾಲ್ಕು ಹಿಡಿ ತೆಗೆದು ಸವರಿ, ಮತ್ತೆ ಇಟ್ಟು ಬಡಿದೆ. ಅವ್ವ ತುಳಸಿಗೆ ನೀರು ಹಾಕಿ ತಿರುಗಿ ಬಂದವಳು, ನೆಲ ನೋಡದೆ ನಡೆಯುತ್ತಿದ್ದವಳು, ನನ್ನ ಹತ್ತಿರ ನಿಂತಳು.

"ನಿಮ್ಮಪ್ಪನೂ ಹಿಂಗೇ. ದೀಪಾವಳಿ ಆದ ಮ್ಯಾಲ ಒಂದು ದಿನ ಕುಂತು ಎದ್ದದ್ದು ತೆಗಿತಿದ್ದ, ಬಿದ್ದದ್ದು ಎತ್ತತಿದ್ದ. ವರ್ಷಾ ವರ್ಷಾ. ಆ ಪಟ್ಟಿ ಅದಕ್ಕಂತನೇ ಕಂಬಾರನ ಕಡಿಂದ ಬಡಸಿಕೊಂಡು ಬಂದಿದ್ದ."

ನಾನು ಸುತ್ತಿಗೆ ಕೆಳಗಿಟ್ಟೆ. "ಮತ್ತ ಮೊದಲೇ ಯಾಕ ಹೇಳಲಿಲ್ಲವ್ವ?"

"ನೀ ಎಲ್ಲಿ ಕೇಳಿದಿ?" ಅಂದಳು. ನಗ್ಗಿದ ತಂಬಿಗೆ ಹಿಡಿದು ಒಳಗೆ ಹೋದಳು.